ಒಣಗುವುದನ್ನು ನೋಡಲು

ಎಲ್ಲ ಶುರುವಾದದ್ದು ಬ್ಯಾಂಕ್ ಮ್ಯಾನೇಜರರ ಪ್ಯಾಂಟಿನಿಂದ.
ಇಸ್ತ್ರಿಗೆ ಮೊದಲು ಜೇಬು ತಡಕುವುದು ನಮ್ಮ ಪದ್ಧತಿ,
ಪೆನ್ನು, ಚಿಲ್ಲರೆ, ಒಮ್ಮೆ ಯಾರದೋ ಹಾಲುಹಲ್ಲು ಕೂಡ ಸಿಕ್ಕಿತ್ತು.
ಈ ಸಲ ಬೆರಳಿಗೆ ತಾಗಿದ್ದು ಮರಳು.
ತುಂಗೆಯ ಮರಳಲ್ಲ, ಅದು ನನಗೆ ಗೊತ್ತು,
ಹಿಮ್ಮಡಿಯ ಬಿರುಕಿನಲ್ಲಿ ಅದನ್ನು ಹೊತ್ತು ತಿರುಗಿದವಳು.
ಇದು ಹಿಟ್ಟಿನಷ್ಟು ನುಣುಪು, ಅರಿಸಿನ ಬೆರೆಸಿದ ಹಾಗೆ,
ಇಸ್ತ್ರಿ ಮೇಜಿನ ಮೇಲೆ ಬಿದ್ದು
ಒಂದು ಕಾಳೂ ಇನ್ನೊಂದಕ್ಕೆ ಅಂಟಲಿಲ್ಲ.

'ಜೈಸಲ್ಮೇರ್' ಅಂದರು ಮ್ಯಾನೇಜರು, ಬಟ್ಟೆ ಒಯ್ಯಲು ಬಂದಾಗ.
'ಅಲ್ಲಿ ಟವೆಲ್ ಹಿಂಡಿ ಹರವಿದರೆ
ಚಹಾ ಮುಗಿಯುವಷ್ಟರಲ್ಲಿ ಗರಿಗರಿ.'
ಅವರಿಗೆ ಅದು ಮಾತಿನ ನಡುವಿನ ಮಾತು.
ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ನಮ್ಮವರು ಹಳೆಯ ಬಿಲ್ ಪುಸ್ತಕ ಮಗುಚಿ
ಹಿಂಬದಿಗೆ ಲೆಕ್ಕ ಬರೆದರು:
ಶಿವಮೊಗ್ಗದಿಂದ ಅರಸೀಕೆರೆ, ಅಲ್ಲಿ ಗಾಡಿ ಬದಲು,
ಜೋಧಪುರದ ತನಕ ಎರಡು ರಾತ್ರಿ,
ಮುಂದಿನದು ದೇವರು ಮತ್ತು ಹಿಂದಿ.
ಅಂಗಿಗೆ ಎಂಟು ರೂಪಾಯಿಯ ಹಾಗೆ
ಮೂರು ಜನಕ್ಕೆ ಎಷ್ಟು ಸಾವಿರ ಅಂಗಿ ಎಂದು ಭಾಗಿಸಿ,
ಪೆನ್ಸಿಲ್ ಕಿವಿಗೆ ಸಿಕ್ಕಿಸಿ, 'ಆಗುತ್ತೆ' ಅಂದರು.
ಸೀರೆ ಲೆಕ್ಕಕ್ಕೆ ಹಿಡಿದಿರಲಿಲ್ಲ. ಅದು ನನ್ನ ಗಂಟು.

ಸಿಂಚನಾಳಿಗೆ ಒಂಟೆ ಬೇಕು.
ಏಳುವಾಗ ಅದು ಮೊದಲು ಎತ್ತುವುದು ಹಿಂಗಾಲೋ ಮುಂಗಾಲೋ,
ಎಲ್ಲ ಫೋನಿನಲ್ಲಿ ನೋಡಿಟ್ಟುಕೊಂಡಿದ್ದಾಳೆ.
ನಮ್ಮವರಿಗೆ ಕೋಟೆ.
ನಗರದ ಕೋಟೆ ನೋಡಿದ್ದಾಯಿತಲ್ಲ ಅಂದರೆ
'ಅದಕ್ಕೆ ಹಾವಸೆ ಹಿಡಿದಿದೆ, ಇದು ಹೊಂಬಣ್ಣ' ಅಂತಾರೆ.
ನನಗೆ ಎರಡೂ ಬೇಡ.
ಒಂದು ಹಗ್ಗ, ನಾಲ್ಕು ಕ್ಲಿಪ್ಪು, ಒಂದು ಒದ್ದೆ ಸೀರೆ,
ಕೈಯಲ್ಲಿ ಗಡಿಯಾರ.

ನಗಬೇಡಿ.
ಆಷಾಢದಲ್ಲಿ ಕೋರ್ಪಲಯ್ಯನ ಛತ್ರದ ಮಂಟಪ ಮುಳುಗಿತೆಂದು
ಊರಿಗೆ ಊರೇ ಸೇತುವೆಯ ಮೇಲೆ ನಿಂತು ಫೋಟೋ ಹಿಡಿಯುವಾಗ
ನಾನು ಇದ್ದಿಲೊಲೆಯ ಮೇಲೆ ಬುಟ್ಟಿ ಬೋರಲು ಹಾಕಿ
ಯಾರದೋ ಮಗುವಿನ ಯೂನಿಫಾರ್ಮ್ ಒಣಗಿಸುತ್ತಿರುತ್ತೇನೆ.
ಮುಗ್ಗಲು ವಾಸನೆ ಎಂದು ವಾಪಸು ಬಂದ ಪಂಚೆಗಳು,
ಮುಹೂರ್ತದ ಹೊತ್ತಿಗೂ ಕಾಲರು ತಣ್ಣಗಿದ್ದ ಮದುಮಗನ ಅಂಗಿ,
ಅತ್ತೆ ಹೋದ ವಾರ
ಮೂರು ದಿನ ಹಗ್ಗದ ಮೇಲೇ ಉಳಿದ ಅವಳ ಹಸಿರು ಸೀರೆ.
ಇಪ್ಪತ್ತೆರಡು ವರ್ಷ ಆಕಾಶದ ಮುಖ ನೋಡಿಯೇ
ನಾಳೆ ಕೊಡ್ತೀನಿ, ನಾಡಿದ್ದು ಕೊಡ್ತೀನಿ ಎಂದವಳು.
ಒಂದೇ ಒಂದು ಸಲ
ಹೇಳಿದ ಹೊತ್ತಿಗೆ ಒಣಗುವುದನ್ನು ಎದುರು ನಿಂತು ನೋಡಬೇಕು.

ದಾರಿ ಕೇಳಲು ಗಾಂಧಿ ಬಜಾರಿನ ಭವರ್‌ಲಾಲರ ಬಳೆ ಅಂಗಡಿಗೆ ಹೋದೆವು.
ಬಾಡಮೇರ್ ಕಡೆಯವರು, ಹದಿನಾರಕ್ಕೆ ಬಂದವರು,
ನಮ್ಮದೇ ಕನ್ನಡ ಆಡುತ್ತಾರೆ.
'ಮಾರ್ಚ್ ದಾಟಿದರೆ ಸುಟ್ಟುಹೋಗ್ತೀರಿ. ಜನವರಿ ರಾತ್ರಿಗೆ ಕಂಬಳಿ ಬೇಕು.'
ಮರಳುಗಾಡಿಗೆ ಕಂಬಳಿಯೇ! ನಮ್ಮವರು ಅದನ್ನೂ ಬರೆದುಕೊಂಡರು.
ಆಮೇಲೆ ಡಬ್ಬಿ ಮುಚ್ಚುತ್ತ ಅವರು ಅಂದದ್ದು:
'ಬಂದ ವರ್ಷ ಅಮ್ಮನಿಗೆ ಕಾಗದ ಬರೆದಿದ್ದೆ,
ಇಲ್ಲಿ ಅಂಗಿ ನಾಲ್ಕು ದಿನವಾದರೂ ಒದ್ದೆ ಇರುತ್ತೆ ಅಂತ.
ನಂಬಲಿಲ್ಲ. ಓದಿ ಹೇಳಿದವನನ್ನೇ ಬೈದಳಂತೆ.
ಬಂದು ನೋಡ್ತೀನಿ ಅಂತ ಹತ್ತು ವರ್ಷ ಹೊರಟಳು.
ಒಮ್ಮೆ ಮೇಕೆ ಈಯ್ತು, ಒಮ್ಮೆ ಬಾವಿ ಬತ್ತಿತು,
ಆಮೇಲೆ ಕಣ್ಣೇ ಹೋಯಿತು.'
ಅಷ್ಟೇ ಹೇಳಿ ನನ್ನ ಕೈಯ ಅಳತೆ ನೋಡಿ
ಎರಡು ಡಜನ್ ಕಟ್ಟಿದರು. 'ನನ್ನ ತಂಗಿಗೆ ಕೊಡಿ,
ಅವಳ ಕೈಯೂ ಇಷ್ಟೇ. ಇತ್ತು.'

ಜನವರಿ ಎರಡನೆಯ ವಾರಕ್ಕೆ ಗೀಟು ಹಾಕಿದ್ದೇವೆ.
ಟಿಕೆಟ್ ಇನ್ನೂ ವೇಟಿಂಗ್ ಮೂವತ್ತೊಂದು.
ಬ್ಯಾಗ್ ಮಾತ್ರ ಈಗಲೇ ಕಟ್ಟಿದ್ದೇನೆ,
ತಳದಲ್ಲಿ ಬಳೆ, ಮೇಲೆ ಅತ್ತೆಯ ಹಸಿರು ಸೀರೆ.
ಹತ್ತು ಸಲ ಒಣಗಿದೆ, ಆದರೂ ಮಡಿಕೆಯೊಳಗೆ ಮೂಗಿಟ್ಟರೆ
ಆ ಮೂರು ದಿನ ಇನ್ನೂ ಅಲ್ಲೇ ಇವೆ.

ನಿನ್ನೆ ಹೊಳೆಯಿತು: ಅಲ್ಲಿ ನೀರಿಗೇ ಬರವಂತೆ.
ಹೋದವಳು ಒಂದು ಸೀರೆ ನೆನೆಸಲು
ಯಾರ ಮನೆಯ ಬಿಂದಿಗೆ ಕೇಳಲಿ, ಯಾವ ಮುಖದಿಂದ?
ನಮ್ಮವರು ಮಾತಾಡಲಿಲ್ಲ.
ಪೆನ್ಸಿಲ್ ಕಿವಿಯಿಂದ ತೆಗೆದು
ಬಿಲ್ಲಿನ ಹಿಂದೆ ಕೊನೆಯ ಸಾಲು ಸೇರಿಸಿದರು:
ತುಂಗೆ ನೀರು, ಐದು ಲೀಟರಿನದು, ಎರಡು ಕ್ಯಾನು.