ಕೈ ಎತ್ತುವ ಭಾನುವಾರ

ನಮ್ಮ ಮಾತಿನಲ್ಲಿ ಕೈ ಎತ್ತುವುದಕ್ಕೆ
ಮೂರು ಅರ್ಥ.
ಹೊಡೆಯಲು ಎತ್ತಬಹುದು.
ಮುಗಿಯಲು ಎತ್ತಬಹುದು.
ಇನ್ನು ನನ್ನಿಂದಾಗದು ಎಂದು
ಎರಡೂ ಎತ್ತಿಬಿಡಬಹುದು.

ಆಲ್ಪ್ಸ್ ಬೆಟ್ಟಗಳ ಸಂದಿಯ ಆ ಕಣಿವೆಯಲ್ಲಿ
ನಾಲ್ಕನೆಯದೊಂದಿದೆ.
ಮೇ ತಿಂಗಳ ಒಂದು ಭಾನುವಾರ
ಊರ ಚೌಕಕ್ಕೆ ಹಗ್ಗ ಕಟ್ಟಿ
ಒಳಗೆ ಇಡೀ ನಾಡು ಬಂದು ನಿಲ್ಲುತ್ತದೆ:
ಹಾಲಿನ ಲಾರಿಯವರು, ಹಲ್ಲಿನ ಡಾಕ್ಟರು,
ಮುಚ್ಚಿದ ಹತ್ತಿಗಿರಣಿಯ ಕೊನೆಯ ಪಿಂಚಣಿದಾರರು,
ತಲೆಗೊಂದು ಕಿತ್ತಳೆ ಬಣ್ಣದ ಚೀಟಿ.
ಮಳೆ ಬಂದರೆ ಮಂತ್ರಿಗಳೂ ನೆನೆಯಬೇಕು.
ಬಂದಿತ್ತು.

ಹನ್ನೊಂದನೆಯ ವಿಷಯ:
ಮೇಲಿನ ಹಳ್ಳಿಗೆ ಹೋಗುವ
ರಾತ್ರಿ ಒಂಬತ್ತೂ ನಲವತ್ತರ ಬಸ್ಸು.
ಸರಕಾರ ಹೇಳಿತು: ದಿನಕ್ಕೆ ಸರಾಸರಿ ನಾಲ್ಕು ಜನ.
ನಿಲ್ಲಿಸೋಣ.
ಮಾತಾಡುವವರು ಇದ್ದಾರೆಯೆ?

ಅನೀನಾಗೆ ಹದಿನಾರು ತುಂಬಿ ಒಂಬತ್ತು ವಾರ.
ಮರದ ಕಟ್ಟೆಯ ಏಳು ಮೆಟ್ಟಿಲು ಹತ್ತಿದಳು.
ಬರೆದು ತಂದ ಹಾಳೆ ತೊಯ್ದು
ಅಕ್ಷರವೆಲ್ಲ ನೀಲಿ ರಾಡಿ.
ಮಡಚಿ ಜೇಬಿಗಿಟ್ಟಳು.

"ಆ ನಾಲ್ಕರಲ್ಲಿ ನಾನೊಬ್ಬಳು," ಅಂದಳು.
"ಇನ್ನೊಬ್ಬರು ಆಸ್ಪತ್ರೆಯ ನೆಲ ಒರೆಸುವ ಶ್ಪ್ರೆಸಾ.
ಹೊರದೇಶದವರು, ಇಲ್ಲಿ ಕೈ ಎತ್ತುವ ಹಾಗಿಲ್ಲ.
ಬಸ್ಸಿಗೆ ಕೈ ಅಡ್ಡ ಹಿಡಿಯಲಾದರೂ ಬಿಡಿ.
ಮೂರನೆಯವರು ಕುಡಿದಿರುತ್ತಾರೆ.
ಹೆಸರು ಹೇಳುವುದಿಲ್ಲ, ಇಲ್ಲೇ ಇದ್ದಾರೆ.
ನಾಲ್ಕನೆಯವರು ದಿನಾ ಬದಲಾಗುತ್ತಾರೆ.
ಯಾರೆಂದು ನಾನು ಹೇಗೆ ಹೇಳಲಿ?"

ಇಳಿದಳು.
ಚಪ್ಪಾಳೆಯ ರೂಢಿ ಅಲ್ಲಿಲ್ಲ.
ಕೊಡೆಗಳ ಮೇಲೆ ಮಳೆಯ ಸದ್ದು, ಅಷ್ಟೆ.

ಅಜ್ಜಿ ಬಾಬೆಟ್ ಮಡಚುವ ಕುರ್ಚಿಯಲ್ಲಿ ಕೂತಿದ್ದಳು.
ಇದೇ ಹಗ್ಗದ ಹೊರಗೆ
ಇಪ್ಪತ್ತೊಂದು ವರ್ಷ ನಿಂತವಳು,
ಹಗ್ಗದ ಮೇಲಿಂದ ಕೈ ಚಾಚಿ
ಗಂಡನ ತಲೆಗೆ ಕೊಡೆ ಹಿಡಿದು.
ಅವನ ಕೈ ಖಾಲಿ ಇರಬೇಕಿತ್ತಲ್ಲ,
ಎತ್ತಲು.
ಈಗ ಕೇಳುವ ಮೊದಲೇ ಎತ್ತಿಬಿಡುತ್ತಾಳೆ.
"ಇನ್ನೂ ಇಲ್ಲ ಅಜ್ಜಿ, ಇನ್ನೂ ಇಲ್ಲ."
ಆದರೂ ಇಳಿಸುವುದಿಲ್ಲ.

ಅಲ್ಲಿ ಯಾರೂ ಎಣಿಸುವುದಿಲ್ಲ.
ಕಟ್ಟೆಯ ಮೇಲಿನ ಅಧ್ಯಕ್ಷ
ನಿಂತ ಪೈರು ನೋಡಿ ಎಷ್ಟು ಚೀಲ ಅನ್ನುವ ಹಾಗೆ
ಕಣ್ಣಳತೆಯಲ್ಲೇ ಹೇಳಬೇಕು.
ನೋಡಿದ. ತಿಳಿಯಲಿಲ್ಲ.
ಇನ್ನೊಮ್ಮೆ ಎತ್ತಿ, ಅಂದ.
ತಿಳಿಯಲಿಲ್ಲ.
ನಾಲ್ವರು ಸಹಾಯಕರನ್ನು ಪಕ್ಕಕ್ಕೆ ಕರೆದ,
ಎಂಟು ಕಣ್ಣು ಸೇರಿದವು.
ಮೂರನೆಯ ಸಲ,
ಬಸ್ಸು ಬೇಡ ಎನ್ನುವವರು.

ಮುಂದಿನ ಸಾಲಿನಲ್ಲಿ ಯೋಸ್ತ್.
ಎಪ್ಪತ್ತಮೂರು ವರ್ಷ, ತೆರಿಗೆ ಅಂದರೆ ಉರಿದುಬೀಳುವ ಆಸಾಮಿ.
ಬಲಭುಜದಲ್ಲಿ ಹಳೆಯ ನೋವು,
ಗಿರಣಿಯಲ್ಲಿ ಮೂಟೆ ಎತ್ತಿದ್ದರದು.
ಕೈ ಎತ್ತಿದ,
ಅರ್ಧಕ್ಕೆ ನಡುಗಿತು,
ಚೀಟಿಯ ತುದಿಯಿಂದ ನೀರು ತೊಟ್ಟಿಕ್ಕಿ
ತೋಳಿನೊಳಕ್ಕೆ ಇಳಿಯಿತು,
ಕೈಯೂ ಇಳಿಯಿತು.
ಅಧ್ಯಕ್ಷನ ಕಣ್ಣು ಆಗಲೇ ಆ ಸಾಲಿಗೆ ಬಂದಿತ್ತು.

ಬಸ್ಸು ಉಳಿಯಿತು.

ಒಂದು ಕೈಯಿಂದಲೇ ಎಂದು ಯಾರೂ ಹೇಳಲಾರರು,
ಅಲ್ಲ ಎಂದೂ.
ಸಂಜೆ ಹೋಟೆಲಿನಲ್ಲಿ ಸುತ್ತ ಕೂತು ಕೇಳಿದರು:
ಕೈ ಇಳಿದದ್ದು ನೋವಿಗೋ, ಮನಸ್ಸಿಗೋ?
ಯೋಸ್ತ್, ಸೂಪು ಆರಿದೆ, ಅಂದ.
ಎಡಗೈ ಚಾಚಿ ಉಪ್ಪು ತೆಗೆದುಕೊಂಡ.
ನೋಡಿ, ಭುಜ ಪಾಪ, ಅಂದರು ಕೆಲವರು.
ಅವನು ಹುಟ್ಟಾ ಎಡಚ ಕಣಯ್ಯಾ,
ಅಂದರು ಇನ್ನು ಕೆಲವರು,
ಎಡಗೈ ಇರುವಾಗ ಬಲಗೈ ಯಾಕೆ ಎತ್ತಿದ?
ಆ ಚರ್ಚೆಗೆ ಅಧ್ಯಕ್ಷರಿರಲಿಲ್ಲ,
ತೀರ್ಪೂ ಆಗಲಿಲ್ಲ.

ಸೋಮವಾರ ರಾತ್ರಿ ಒಂಬತ್ತೂ ನಲವತ್ತು.
ಶ್ಪ್ರೆಸಾ ಕಿಟಕಿಗೆ ತಲೆಯಾನಿಸಿ
ಮೂರನೆಯ ತಿರುವಿಗೇ ನಿದ್ದೆಹೋದಳು.
ಅನೀನಾ ಲೆಕ್ಕ ಮಾಡುತ್ತಿದ್ದಳು, ನಾಳೆಯ ಪರೀಕ್ಷೆ.
ಹಿಂದಿನ ಸೀಟಿನಲ್ಲಿ ಹೆಸರು ಹೇಳದ ಮನುಷ್ಯ
ಹೊರಗಿನ ಕತ್ತಲಿಗೆ ಏನೋ ಹೇಳಿಕೊಳ್ಳುತ್ತಿದ್ದ.
ಡ್ರೈವರು ಬಾಗಿಲು ಮುಚ್ಚುವ ಮೊದಲು
ಒಂದು ನಿಮಿಷ ಕಾದಿದ್ದ,
ನಾಲ್ಕನೆಯವರು ಬಂದಾರೆಂದು.