ಹದಿನೇಳನೇ ಬಿಲ್ಲೆ

ಏಳುನೂರು ಡಿಗ್ರಿಯಲ್ಲಿ ಉಪ್ಪು
ನೀರಿನ ಹಾಗೇ ಕಾಣುತ್ತದೆ,
ಜನವರಿ ತಿಂಗಳ ಬೈತಖೋಲದ ಹಾಗೆ,
ತಳ ಎಣಿಸುವಷ್ಟು ತಿಳಿ.
ಅದರಲ್ಲಿ ಒಂದು ಹನಿಯೂ ನೀರಿಲ್ಲ.
ಇರಬಾರದು.

ಇದ್ದರೆ ಗೊತ್ತಾಗುವುದು ಸಾವಿರ ತಾಸಿನ ನಂತರ
ಈ ತಕ್ಕಡಿಯಲ್ಲಿ.
ಗಾಜಿನ ಬಾಗಿಲು ಮುಚ್ಚಿ, ಉಸಿರು ಬಿಗಿಹಿಡಿದು
ಬಿಲ್ಲೆಗಳನ್ನು ತೂಗುತ್ತೇನೆ.
ಹದಿನಾರು ಸರಿ.
ಹದಿನೇಳು ಹಗುರ.

ತುಕ್ಕೇನು ನಮಗೆ ಹೊಸತಲ್ಲ.
ಕಿಟಕಿಯ ಸರಳು, ಸೈಕಲ್ಲಿನ ಚೈನು, ಗೇಟಿನ ಚಿಲಕ,
ಕಾರವಾರದಲ್ಲಿ ಕಬ್ಬಿಣ ಊರಿಗೆಲ್ಲ ಹೇಳಿಕೊಂಡೇ ಸಾಯುತ್ತದೆ
ಕೆಂಪಗೆ.
ಇದು ಹಾಗಲ್ಲ. ಮೈ ಫಳಫಳ.
ಒಳಗೆ ಕಣಕಣದ ಸಂದಿಯಿಂದ ಕ್ರೋಮಿಯಂ
ಸಪ್ಪಳ ಮಾಡದೆ ಎದ್ದು ಹೋಗಿರುತ್ತದೆ.
ಲೋಹವನ್ನು ಕಾಯಬೇಕಾದ ತೆಳು ಪೊರೆಯನ್ನು
ಈ ಉಪ್ಪು ಮೊದಲೇ ಚಪ್ಪರಿಸಿ ಮುಗಿಸಿರುತ್ತದೆ.

ನಮ್ಮಜ್ಜಿ ಬುಧವಂತಿ
ಸಾಣಿಕಟ್ಟೆಯ ಆಗರದಲ್ಲಿ ಉಪ್ಪು ಎಳೆದವಳು.
‘ಎಂತ ಕೆಲ್ಸವೇ ನಿಂದು?’ ಎಂದಳು ಒಮ್ಮೆ.
ಉಪ್ಪು ಒಣಗಿಸೋದು, ಅಂದೆ.
ಕೆಮ್ಮು ಬರುವವರೆಗೆ ನಕ್ಕಳು.
‘ಅದ್ಕೆ ಅಷ್ಟೆಲ್ಲ ಓದ್ಬೇಕಾಯ್ತಾ?’

ಸುಳ್ಳಲ್ಲ, ಬೇಕಾಯಿತು.
ಮೂರು ದಿನ ನಿರ್ವಾತದಲ್ಲಿಟ್ಟು
ಅವಸರಿಸದೆ ಕಾವು ಏರಿಸಿ,
ಆರ್ಗಾನ್ ಪೆಟ್ಟಿಗೆಯ ಕರಿ ಗವಸಿನೊಳಗೆ
ಮೊಣಕೈತನಕ ತೂರಿಕೊಂಡು,
ಹೊರಗಿನ ಈ ಬೆವರುವ ಗಾಳಿ ಒಂದಿಷ್ಟೂ ತಾಗದಂತೆ.
ಉಪ್ಪು ತಿಂದವ ನೀರು ಕುಡಿಯಲೇಬೇಕಂತೆ;
ಇಲ್ಲಿ ಉಪ್ಪೇ ನೀರು ಕುಡಿದು ಬಂದರೆ
ಕುಡಿದ ಮತ್ತಿನಲ್ಲಿ ಕೊಳವೆ ಕಚ್ಚುತ್ತದೆ.

ದಾಖಲೆ ಪುಸ್ತಕ ತೆಗೆದೆ.
ಜೂನ್ ಒಂಬತ್ತು. ಎರಡೂವರೆಗೆ ಕರೆಂಟು ಹೋಗಿ ಬಂದಿದೆ.
ಬಲಗವಸಿನ ಹೆಬ್ಬೆರಳಲ್ಲಿ ಸಣ್ಣ ಸೀಳು, ಟೇಪು ಹಚ್ಚಿದೆ.
ನನ್ನದೇ ಅಕ್ಷರ.
ನನ್ನದೇ ಉಗುರು.

ಸಂಜೆ ಇನಾಸ
ಮೀನುಗಾರಿಕೆ ನಿಂತ ತಿಂಗಳೆಂದು ದಡಕ್ಕೆಳೆದ ಬೋಟಿನಡಿ ಮಲಗಿ
ಸತುವಿನ ಗಟ್ಟಿ ಬಿಗಿಯುತ್ತಿದ್ದ.
ಪಕ್ಕದಲ್ಲಿ ಹಳೆಯದು,
ಇಲಿ ಕಡಿದ ಸಾಬೂನಿನಂತೆ.
‘ತಿನ್ಲಿ ಅಂತ್ಲೇ ಕಟ್ಟೋದು ಅಕ್ಕೋರೆ,
ಇದು ಇರೋ ತನಕ ಸಮುದ್ರ
ಫ್ಯಾನಿನ ತಂಟೆಗೆ ಹೋಗೂದಿಲ್ಲ.’

ಹದಿನೆಂಟರ ಉಪ್ಪಿಗೆ
ಇವತ್ತು ಬೆಳಿಗ್ಗೆಯಷ್ಟೇ ನಾನೂ ಹಾಕಿ ಬಂದಿದ್ದೆ
ಮೆಗ್ನೀಸಿಯಂ ಚೂರು, ತಿನ್ನಲಿ ಎಂದೇ.
ಅವನಿಗೆ ಹೇಳೋಣವೆಂದುಕೊಂಡೆ.
‘ಹನ್ನೆರಡರ ಸ್ಪ್ಯಾನರ್ ಕೊಡಿ’ ಎಂದ.
ಕೊಟ್ಟೆ.

ಸತು ಯಾರನ್ನೂ ಕೇಳಿರಲಿಕ್ಕಿಲ್ಲ.
ಹದಿನೇಳನ್ನೂ ಯಾರೂ ಕೇಳಿರಲಿಲ್ಲ.

ಅದನ್ನು ಹತ್ತಿಯಲ್ಲಿ ಸುತ್ತಿ, ಡಬ್ಬಿಯ ಮೇಲೆ ತಾರೀಕು ಬರೆದಿದ್ದೇನೆ.
ನಾಳೆ ಹೊಸ ಗವಸು.
ಉಗುರು ಕತ್ತರಿಸಿಕೊಂಡಿದ್ದೇನೆ.