ಸೋಮವಾರದ ಉಪ್ಪು

ಶನಿವಾರ ಸಂಜೆ ಸ್ವಿಚ್ಚು ಆರಿಸಿದ ಕೂಡಲೇ
ಉಪ್ಪು ಇನ್ನೂ ನೀರಾಗಿರುವಾಗಲೇ
ತಂತಿಯ ಸುರುಳಿಯೊಂದನ್ನು ಅದರೊಳಗೆ ಇಳಿಬಿಡಬೇಕು.
ಮರೆತರೆ ಸೋಮವಾರ ಗ್ಯಾಸಿನ ಟಾರ್ಚು ಹಿಡಿದು
ಮೂರು ತಾಸು ಮೊಣಕಾಲೂರಬೇಕು.
ಇಪ್ಪತ್ತೆರಡು ವರ್ಷದಲ್ಲಿ ಎರಡು ಸಲ ಮರೆತಿದ್ದೇನೆ,
ಒಮ್ಮೆ ಮಗಳು ಹುಟ್ಟಿದ ದಿನ.
ಇನ್ನೊಂದಕ್ಕೆ ಕಾರಣವಿಲ್ಲ.

ಹುಬ್ಬಳ್ಳಿ, ಗೋಕುಲ ರೋಡು, ತಗಡಿನ ಶೆಡ್ಡು.
ನಾನು ಉಕ್ಕಿಗೆ ಹದ ಕೊಡುವವನು:
ಗೇರು, ಪಂಚು, ಡೈ, ವಾಲ್ವಿನ ಕಡ್ಡಿ,
ಕಾದ ಉಪ್ಪಿನಲ್ಲಿ ಮುಳುಗಿಸಿ ಕೆಂಪಾಗಿಸಿ
ಎಣ್ಣೆಗೆ ಅದ್ದುವುದು.

ಸೋಮವಾರ ಆರೂವರೆ.
ಕುಲುಮೆಯ ಬಾಯಿತನಕ ಬಿಳಿ ಬಂಡೆ,
ತಟ್ಟಿದರೆ ಟಣ್ ಅನ್ನುತ್ತದೆ.
ಅತ್ತೊಂದು ಇತ್ತೊಂದು ಎಲೆಕ್ಟ್ರೋಡು, ನಡುವೆ ಒಂದು ಗೇಣು.
ಸಾವಿರ ಆಂಪಿಯರು ಕೊಡಬಲ್ಲ ಟ್ರಾನ್ಸ್‌ಫಾರ್ಮರು
ಹಿಂದೆ ಗುಂಯ್‌ಗುಡುತ್ತಿದೆ,
ಮೀಟರಿನ ಮುಳ್ಳು ಸೊನ್ನೆ ಬಿಟ್ಟು ಏಳದು.

“ಕಾಕಾ, ಇದರಾಗ ಪ್ಲಸ್ಸೂ ಐತಿ, ಮೈನಸ್ಸೂ ಐತಿ,
ಅವು ಬಿಟ್ಟರ ಮತ್ತೇನೂ ಇಲ್ಲ.
ಆದ್ರೂ ಕರೆಂಟ್ ಯಾಕ ಹರಿಯಂಗಿಲ್ಲ?”
ಕೇಳಿದವಳು ಶಾಹೀನ, ಐಟಿಐ ಮುಗಿಸಿ ಬಂದ ಅಪ್ರೆಂಟಿಸು,
ಕೈಗವಸು ಅವಳಿಗೆ ಎರಡಳತೆ ದೊಡ್ಡದು.
ನಾನು ಓದಿದ್ದು ಏಳನೇ ಇಯತ್ತೆ.
“ಕಲ್ಲಾಗೇತಿ, ಅದಕ್ಕ” ಅಂದೆ.
ಅವಳಿಗೆ ಸಾಲಲಿಲ್ಲ. ನನಗೂ ಸಾಲದು,
ಆದರೆ ನನಗದು ರೂಢಿ.

ಚಹಾದ ಲೋಟ ಬದಿಗಿಟ್ಟು ತಾನೇ ಹೇಳಿದಳು:
ಒಂದೊಂದು ಪ್ಲಸ್ಸಿಗೆ ಆರು ಮೈನಸ್ಸಿನ ಕಾವಲು,
ಒಂದೊಂದು ಮೈನಸ್ಸಿಗೆ ಆರು ಪ್ಲಸ್ಸು,
ಮೇಲೆ ಕೆಳಗೆ ಹಿಂದೆ ಮುಂದೆ ಎಡಕ್ಕೆ ಬಲಕ್ಕೆ.
ನಿಂತಲ್ಲೇ ನಡುಗಬಹುದು, ಹೆಜ್ಜೆ ಎತ್ತುವಂತಿಲ್ಲ.
“ಮುಂಜಾನಿ ನಮ್ಮ ನವಲಗುಂದದ ಬಸ್ಸಿನ ಹಾಂಗ, ಕಾಕಾ,
ಕಂಡಕ್ಟರಿಗೂ ದಾಟಾಕ ಆಗಂಗಿಲ್ಲ.”

ನಕ್ಕೆವು. ಸುರುಳಿಗೆ ಕರೆಂಟು ಕೊಟ್ಟೆ.
ತಂತಿಯ ನ್ಯಾಯ ಬೇರೆ:
ಲೋಹ ಕೂತಲ್ಲೇ ಕೂತು
ಚಿಲ್ಲರೆಯನ್ನಷ್ಟೇ ಮುಂದೆ ದಾಟಿಸುತ್ತದೆ.
ಉಪ್ಪಿನಲ್ಲಿ ಚಿಲ್ಲರೆಯ ಲೆಕ್ಕ ಎಂದೋ ಮುಗಿದಿದೆ,
ಕೊಟ್ಟವನು ಕೊಟ್ಟ, ಇಸಕೊಂಡವನು ಬಿಡ.
ಹೋಗುವುದಾದರೆ ಇನ್ನು
ಮೈಸಮೇತ ತಾನೇ ಹೋಗಬೇಕು.

ಸುರುಳಿ ಕೆಂಪೇರಿತು.
ಮಗ್ಗುಲ ಉಪ್ಪು ಮೊದಲು ಬೆವರಿತು,
ಆಮೇಲೆ ಬೆರಳಗಲದ ಒಂದು ಕಾಲುವೆ
ಈ ಎಲೆಕ್ಟ್ರೋಡಿನಿಂದ ಆ ಎಲೆಕ್ಟ್ರೋಡಿಗೆ.
ಮುಳ್ಳು ಅಲುಗಿತು.
ಇಷ್ಟಾದರೆ ನನ್ನ ಕೆಲಸವಿಲ್ಲ:
ಹರಿದದ್ದು ಕಾಯಿಸುತ್ತದೆ, ಕಾದದ್ದು ಕರಗುತ್ತದೆ,
ಕರಗಿದ್ದು ಮತ್ತಷ್ಟು ಹರಿಯಗೊಡುತ್ತದೆ.

“ಎಲ್ಲಿಗೆ ಹೊಂಟಾವು ಅವು?”
ಈ ಸಲ ಕೇಳಿದವನು ನಾನು.
“ಎಲ್ಲಿಗೂ ಇಲ್ಲ. ನಮ್ಮದು ಎ.ಸಿ. ಲೈನು.
ಸೆಕೆಂಡಿಗೆ ಐವತ್ತು ಸಲ ಅತ್ತಾಗ ಕರೀತಾರ,
ಐವತ್ತು ಸಲ ಇತ್ತಾಗ.”

ಮಧ್ಯಾಹ್ನ ಹಿತ್ತಲಲ್ಲಿ ಯಮನೂರಪ್ಪ
ಅರ್ಥಿಂಗಿನ ಗುಂಡಿಗೆ ಎರಡು ಕೊಡ ನೀರು ಸುರಿದ.
ಅಲ್ಲೂ ಉಪ್ಪೇ, ಇದ್ದಿಲಿನ ಸಂಗಡ,
ಬೇಸಿಗೆಯ ಎರೆಮಣ್ಣಲ್ಲಿ ಬಿಗಿದು ಕೂತದ್ದು.
ನೀರಿನ ಕಣಕಣಕ್ಕೂ ಎರಡು ತುದಿಯಂತೆ,
ಒಂದು ತುದಿಯಿಂದ ಇದನ್ನು, ಇನ್ನೊಂದರಿಂದ ಅದನ್ನು
ರಮಿಸಿ ಬಿಡಿಸಿಕೊಂಡು ಹೋಗುತ್ತದಂತೆ.
ಇಲ್ಲಿ ಎಂಟುನೂರು ಡಿಗ್ರಿ ಮಾಡುವುದನ್ನು
ಅಲ್ಲಿ ಎರಡು ಕೊಡ.

ಅದೇ ನೀರು ಇಲ್ಲಿ ಒಂದು ಹನಿ ಬೀಳಬಾರದು.
ಎಡಗೈ ತೋರಿಸಿದೆ ಅವಳಿಗೆ:
ಹಸಿ ಇಕ್ಕಳ, ಮೊದಲ ವರ್ಷ,
ಮೊಣಕೈತನಕ ಚುಕ್ಕಿಚುಕ್ಕಿ.
“ಬೆವತ ಕೈಲೆ ಪ್ಯಾನಲ್ ಮುಟ್ಟಬ್ಯಾಡವ್ವಾ,
ನಮ್ಮೊಳಗೂ ಅದ ಉಪ್ಪು, ಕರಗಿದ್ದು.”
ಇದು ಮಾತ್ರ ನನಗೆ ಯಾರೂ ಹೇಳಿಕೊಟ್ಟದ್ದಲ್ಲ.

ಈ ಶನಿವಾರ ಸುರುಳಿ ಇಳಿಬಿಟ್ಟವಳು ಅವಳು.
ನಾನು ಟವೆಲು ಹೆಗಲಿಗೇರಿಸಿ ನೋಡುತ್ತ ನಿಂತೆ.
ಕೆಂಪು ಇಳಿದು, ಅಂಚಿನಿಂದ ಬಿಳಿ ಪೊರೆ ಕಟ್ಟತೊಡಗಿ,
ಒಬ್ಬೊಬ್ಬರಾಗಿ, ತಂತಮ್ಮ ಆರು ಜನರ ನಡುವೆ
ಸೀಟು ಹಿಡಿಯುತ್ತಿದ್ದರು.